ವಾರಕ್ಕೆ ಎರಡು ಗಂಟೆ: ಲೀಕ್ಸ್‌ಲಿಪ್ ಕನ್ನಡಿಗರೂ ವಿಶ್ವಸಂಸ್ಥೆಯ ಹದಿನೇಳು ಗುರಿಗಳೂ

ಲೀಕ್ಸ್‌ಲಿಪ್: ವಿಶ್ವಸಂಸ್ಥೆ ವರ್ಷಗಳಿಗೆ ಹೆಸರಿಡುವುದರಲ್ಲಿ ಎತ್ತಿದ ಕೈ. 2023ನ್ನು ಸಿರಿಧಾನ್ಯ ವರ್ಷ ಎಂದು ಕರೆದಾಗ ನಮ್ಮ ರಾಗಿಮುದ್ದೆಗೂ ಅಂತರರಾಷ್ಟ್ರೀಯ ಮನ್ನಣೆ ಬಂತೆಂದು ನಾವೆಲ್ಲ ಬೀಗಿದ್ದುಂಟು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾಸಭೆ ಇನ್ನೊಂದು ನಿರ್ಣಯ ಮಾಡಿ, 2026ಕ್ಕೆ ‘ಸುಸ್ಥಿರ ಅಭಿವೃದ್ಧಿಗಾಗಿ ಸ್ವಯಂಸೇವಕರ ಅಂತರರಾಷ್ಟ್ರೀಯ ವರ್ಷ’ ಎಂಬ ಉದ್ದನೆಯ ಹೆಸರು ಇಟ್ಟಿತು. 2001 ಕೂಡ ಸ್ವಯಂಸೇವಕರ ವರ್ಷವೇ ಆಗಿತ್ತು. ಇಪ್ಪತ್ತೈದು ವರ್ಷಗಳ ಬಳಿಕ ಈ ಎರಡನೆಯ ಸುತ್ತಿನಲ್ಲಿ ಹೊಸದಾಗಿ ಸೇರಿಕೊಂಡಿರುವುದು ‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತು.

ಈ ಮಾತಿಗೂ ಐರ್ಲೆಂಡಿಗೂ ಹತ್ತಿರದ ನಂಟಿದೆ. 2015ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ 193 ದೇಶಗಳು ಒಪ್ಪಿಕೊಂಡ ಹದಿನೇಳು ಗುರಿಗಳ ಕರಡನ್ನು ಹದಕ್ಕೆ ತರುವ ಮಾತುಕತೆಗಳನ್ನು ನಡೆಸಿಕೊಟ್ಟವರು ಇಬ್ಬರು ರಾಯಭಾರಿಗಳು. ಒಬ್ಬರು ಕೀನ್ಯಾದ ಮಚಾರಿಯಾ ಕಮಾವು, ಇನ್ನೊಬ್ಬರು ಐರ್ಲೆಂಡಿನ ಡೇವಿಡ್ ಡೊನಹ್ಯೂ. ಬಡತನ ನಿವಾರಣೆಯಿಂದ ಹಿಡಿದು ಶಿಕ್ಷಣ, ಶುದ್ಧ ನೀರು, ಹವಾಮಾನದವರೆಗೆ ಎಲ್ಲದಕ್ಕೂ ಗಡುವು 2030. ವಿಶ್ವಸಂಸ್ಥೆಯದೇ 2024ರ ವರದಿಯ ಪ್ರಕಾರ, ಅಳೆಯಲು ಸಾಧ್ಯವಾದ ಉದ್ದೇಶಗಳಲ್ಲಿ ಸರಿದಾರಿಯಲ್ಲಿ ಇದ್ದದ್ದು ಕೇವಲ ಶೇ. 17. ಪರೀಕ್ಷೆಯ ಭಾಷೆಯಲ್ಲಿ ಹೇಳುವುದಾದರೆ ಪಾಸ್ ಮಾರ್ಕಿನ ಅರ್ಧ!

ಸರ್ಕಾರಗಳ ಕೈಯಲ್ಲಿ ಆಗದ್ದನ್ನು ನೌಕರಿ ಮಾಡಿಕೊಂಡಿರುವ ಇಂಜಿನಿಯರ್, ನರ್ಸ್, ಲೆಕ್ಕಿಗರು ಬಿಡುವಿನ ವೇಳೆಯಲ್ಲಿ ಮಾಡಿಯಾರೇ? ಮಾಡಬಹುದು ಎನ್ನುವ ಕರೆಯಂತೂ ಎಲ್ಲ ಕಡೆಯಿಂದ ಬರುತ್ತಿದೆ. ಲೀಕ್ಸ್‌ಲಿಪ್‌ನಂಥ ಊರಿನಲ್ಲಿ ಇರುವ ನಮಗೆ ಈ ಪ್ರಶ್ನೆ ಬರೀ ಚರ್ಚೆಯ ವಿಷಯವಲ್ಲ. ಇಲ್ಲಿನ ಅನೇಕ ಕನ್ನಡ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ‘ವೃತ್ತಿಪರರು’. ಕೆಲವರಿಗೆ ಊರಿನ ಶಾಲೆಗೆ ಏನಾದರೂ ಮಾಡಬೇಕೆಂಬ ಹಂಬಲವಿದೆ, ಕೆಲವರಿಗೆ ಇಲ್ಲಿನ ನೆರೆಹೊರೆಯಲ್ಲಿ ಬೆರೆಯಬೇಕೆಂಬ ಆಸೆಯಿದೆ, ಹೆಚ್ಚಿನವರಿಗೆ ಎರಡೂ ಇದ್ದು ಸಮಯ ಮಾತ್ರ ಇಲ್ಲ. ಹಾಗಾಗಿ ಇರುವ ಸ್ವಲ್ಪ ಸಮಯ ಎಲ್ಲಿ ಹಾಕಿದರೆ ದಂಡವಾಗುವುದಿಲ್ಲ ಎಂದು ಯೋಚಿಸುವುದು ಒಳ್ಳೆಯದು.

ನೀರಿನ ಊರು

ಲೀಕ್ಸ್‌ಲಿಪ್ ಹೆಸರೇ ಹಳೆಯ ನಾರ್ಸ್ ಭಾಷೆಯ ‘ಸಾಲ್ಮನ್ ಮೀನಿನ ನೆಗೆತ’ ಎಂಬ ಮಾತಿನಿಂದ ಬಂದದ್ದು. ಲಿಫಿ ಮತ್ತು ರೈ ನದಿಗಳು ಕೂಡುವ ಊರು. ಆರ್ಥರ್ ಗಿನ್ನೆಸ್ ಡಬ್ಲಿನ್ನಿಗೆ ಹೋಗಿ ಜಗತ್ಪ್ರಸಿದ್ಧನಾಗುವ ಮೊದಲು ಬಿಯರ್ ಕಾಯಿಸಿದ್ದು ಇಲ್ಲಿಯೇ. ಲಿಫಿಗೆ ಕಟ್ಟಿದ ಅಣೆಕಟ್ಟಿನಲ್ಲಿ ಪುಟ್ಟದೊಂದು ಜಲವಿದ್ಯುತ್ ಕೇಂದ್ರವಿದೆ. ಶಿವನಸಮುದ್ರ ನೋಡಿದವರಿಗೆ ಅದು ಆಟಿಕೆಯಂತೆ ಕಾಣುತ್ತದೆ. ಆ ಅಣೆಕಟ್ಟಿನ ನೀರೇ ಶುದ್ಧೀಕರಣಗೊಂಡು ಡಬ್ಲಿನ್ ಭಾಗದ ಲಕ್ಷಾಂತರ ಮನೆಗಳಿಗೆ ಹೋಗುತ್ತದೆ. 1989ರಲ್ಲಿ ಇಂಟೆಲ್ ಇಲ್ಲಿಗೆ ಬರಲು ನೀರೂ ಒಂದು ಕಾರಣ. ಚಿಪ್ ತಯಾರಿಕೆಗೆ ಎಷ್ಟು ನೀರು ಬೇಕು, ಅದು ಎಷ್ಟು ಶುದ್ಧವಾಗಿರಬೇಕು ಎಂಬುದು ಅಲ್ಲಿ ಕೆಲಸ ಮಾಡುವ ನಮ್ಮವರಿಗೆ ಗೊತ್ತೇ ಇದೆ.

2019ರ ಅಕ್ಟೋಬರಿನಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಲೀಕ್ಸ್‌ಲಿಪ್ ನೀರು ಶುದ್ಧೀಕರಣ ಘಟಕದಲ್ಲಿ ತೊಂದರೆಯಾಗಿ, ಡಬ್ಲಿನ್, ಕಿಲ್ಡೇರ್, ಮೀತ್ ಭಾಗದ ಆರು ಲಕ್ಷಕ್ಕೂ ಹೆಚ್ಚು ಜನ ನೀರನ್ನು ಕುದಿಸಿಯೇ ಕುಡಿಯಬೇಕೆಂಬ ಸೂಚನೆ ಹೊರಟಿತು. ನವೆಂಬರಿನಲ್ಲಿ ಮತ್ತೊಮ್ಮೆ. ಅಂಗಡಿಗಳಲ್ಲಿ ಬಾಟಲಿ ನೀರಿಗೆ ನೂಕುನುಗ್ಗಲು. ನೀರು ಕುದಿಸಿ ಆರಿಸಿ ಕುಡಿದು ಬೆಳೆದ ನಮ್ಮ ಮನೆಗಳ ಅಜ್ಜಿಯರಿಗೆ ಇದರಲ್ಲಿ ವಿಶೇಷವೇನೂ ಕಾಣಿಸಿರಲಿಕ್ಕಿಲ್ಲ. ಆದರೆ ಶ್ರೀಮಂತ ದೇಶವೊಂದರಲ್ಲಿ, ಜಗತ್ತಿನ ಅತಿ ಶುದ್ಧ ನೀರು ತಯಾರಾಗುವ ಕಾರ್ಖಾನೆಯಿಂದ ಕೂಗಳತೆಯ ದೂರದಲ್ಲಿ, ಆರನೆಯ ಗುರಿಯಾದ ‘ಶುದ್ಧ ನೀರು’ ಹೀಗೆ ಕೈಕೊಟ್ಟಿತು. ಹದಿನೇಳು ಗುರಿಗಳು ಬಡ ದೇಶಗಳಿಗೆ ಮಾತ್ರ ಎಂಬ ಭ್ರಮೆ ಇರುವವರಿಗೆ ನಾನು ಯಾವಾಗಲೂ ಈ ಉದಾಹರಣೆ ಕೊಡುತ್ತೇನೆ.

ಇದನ್ನೇ ಕರ್ನಾಟಕಕ್ಕೆ ಹೋಲಿಸಿ ನೋಡೋಣ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹಳೆಯ ಕಥೆ. ಅದಕ್ಕೆಂದು ಸರ್ಕಾರ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಸಾವಿರಾರು ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಕೂರಿಸಿತು. ಐದು ರೂಪಾಯಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಈ ಘಟಕಗಳನ್ನು ರಜೆಗೆ ಹೋದಾಗ ನೀವೂ ನೋಡಿರುತ್ತೀರಿ. ಎಷ್ಟೋ ಕಡೆ ಬೀಗ ಜಡಿದಿರುವುದನ್ನೂ ನೋಡಿರುತ್ತೀರಿ. ಫಿಲ್ಟರ್ ಬದಲಿಸಿಲ್ಲ, ಮೋಟಾರ್ ಸುಟ್ಟಿದೆ, ಗುತ್ತಿಗೆದಾರ ಫೋನ್ ಎತ್ತುತ್ತಿಲ್ಲ, ಪಂಚಾಯಿತಿಯಲ್ಲಿ ದುಡ್ಡಿಲ್ಲ. ಯಂತ್ರ ಇಲ್ಲವೆಂಬುದು ಇಲ್ಲಿನ ಸಮಸ್ಯೆಯೇ ಅಲ್ಲ. ಇರುವ ಯಂತ್ರವನ್ನು ನಡೆಸುವ ಶಿಸ್ತು ಇಲ್ಲ.

ಈಗ ಲೀಕ್ಸ್‌ಲಿಪ್‌ನ ನಮ್ಮ ಟೆಕ್ನೀಷಿಯನ್ನರ ವಿದ್ಯೆ ಏನು, ಯೋಚಿಸಿ. ಅವರು ಹೊಸ ಯಂತ್ರ ಕಂಡುಹಿಡಿದವರಲ್ಲ. ಇರುವ ಯಂತ್ರ ನಿಲ್ಲದಂತೆ ನೋಡಿಕೊಳ್ಳುವವರು. ಯಾವ ಭಾಗ ಎಷ್ಟು ಗಂಟೆ ಓಡಿದ ಮೇಲೆ ಬದಲಿಸಬೇಕು, ಕೆಡುವ ಮೊದಲೇ ಕೆಡಬಹುದೆಂದು ಹೇಗೆ ತಿಳಿಯಬೇಕು, ಒಂದು ಪಾಳಿಯವರು ಮುಂದಿನ ಪಾಳಿಯವರಿಗೆ ಏನು ಬರೆದಿಟ್ಟು ಹೋಗಬೇಕು... ಇದೇ ಅವರ ದಿನನಿತ್ಯದ ಕೆಲಸ. ಒಂದು ತಾಲ್ಲೂಕಿನ ನೀರಿನ ಘಟಕಗಳಿಗೆ, ಕನ್ನಡದಲ್ಲಿ, ಗೋಡೆಗೆ ಅಂಟಿಸಬಹುದಾದ ಒಂದು ಪುಟದ ನಿರ್ವಹಣಾ ಪಟ್ಟಿ ಮಾಡಿಕೊಡುವುದಕ್ಕೆ ವಿಮಾನ ಹತ್ತಬೇಕಿಲ್ಲ. ನೀರಗಂಟಿಯವರ ಜೊತೆ ನಾಲ್ಕು ಬಾರಿ ಫೋನಿನಲ್ಲಿ ಮಾತಾಡಬೇಕು, ಅಷ್ಟೇ. ಆದರೆ ‘ಜಾಗತಿಕ ಸ್ವಯಂಸೇವೆ’ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೇರೆಯೇ ಚಿತ್ರ: ಟೀಶರ್ಟ್ ಹಾಕಿಕೊಂಡು ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಿರುವ ಸಾಫ್ಟ್‌ವೇರ್ ಮಹಾಶಯರು. ಬಣ್ಣ ಬಳಿಯುವವರು ಆ ಊರಿನಲ್ಲೇ ಇದ್ದಾರೆ ಸ್ವಾಮಿ, ಅವರಿಗೆ ಕೂಲಿ ಕೊಟ್ಟರೆ ಸಾಕು!

ಕಂಪನಿ ಕೊಡುವ ಗಂಟೆಗಳು

ದೊಡ್ಡ ಕಂಪನಿಗಳು ನೌಕರರ ಸಮಯವನ್ನು ಸೇವೆಗೆ ಕಳಿಸುವ ಪದ್ಧತಿಗೆ ಈಗ ಸಾಕಷ್ಟು ವಯಸ್ಸಾಗಿದೆ. ಐಬಿಎಂ 2008ರಲ್ಲಿ ತನ್ನ ನೌಕರರ ಸಣ್ಣ ತಂಡಗಳನ್ನು ಸುಮಾರು ನಾಲ್ಕು ವಾರಗಳ ಮಟ್ಟಿಗೆ ಅಭಿವೃದ್ಧಿಶೀಲ ದೇಶಗಳಿಗೆ ಕಳಿಸಲು ಶುರು ಮಾಡಿತು. ಇಂಟೆಲ್ ಕೂಡ ಮರುವರ್ಷ ಶಾಲೆಗಳಿಗೆ ಕಂಪ್ಯೂಟರ್ ಅಳವಡಿಸಿಕೊಡುವ ಅದೇ ರೀತಿಯ ತಂಡ ಕಟ್ಟಿತು. ಇಂಟೆಲ್ ನೌಕರರು ಶಾಲೆ, ಸಂಘಸಂಸ್ಥೆಗಳಲ್ಲಿ ದುಡಿದ ಗಂಟೆಗಳಿಗೆ ಕಂಪನಿಯ ಪ್ರತಿಷ್ಠಾನ ಆ ಸಂಸ್ಥೆಗೇ ಹಣ ಕೊಡುವ ಪದ್ಧತಿ ವರ್ಷಗಟ್ಟಲೆ ನಡೆಯಿತು. 2020ರಲ್ಲಿ ಪ್ರಕಟಿಸಿದ 2030ರ ಗುರಿಗಳಲ್ಲಿ ಹತ್ತು ವರ್ಷಗಳಲ್ಲಿ ಒಂದು ಕೋಟಿ ಗಂಟೆಗಳ ಸ್ವಯಂಸೇವೆ ಎಂಬುದೂ ಇತ್ತು.

ಒಳ್ಳೆಯದೇ. ಆದರೆ ಈ ಗಂಟೆಗಳು ಯಾರವು ಎಂಬ ಪ್ರಶ್ನೆ ಕಷ್ಟಕಾಲದಲ್ಲಿ ಏಳುತ್ತದೆ. ಎಚ್‌ಪಿ ಕಂಪನಿ 1995ರಿಂದ ಲೀಕ್ಸ್‌ಲಿಪ್‌ನಲ್ಲಿ ಇಂಕ್ ಕಾರ್ಟ್ರಿಡ್ಜ್ ಮಾಡುತ್ತಿತ್ತು. 2017ರಲ್ಲಿ ಮುಚ್ಚುವುದಾಗಿ ಘೋಷಿಸಿದಾಗ ಸುಮಾರು 500 ಜನರ ಕೆಲಸ ಹೋಯಿತು. 2023ರ ಸೆಪ್ಟೆಂಬರಿನಲ್ಲಿ ಇಂಟೆಲ್‌ನ ಹೊಸ ಫ್ಯಾಬ್ ಅದ್ಧೂರಿಯಾಗಿ ಉದ್ಘಾಟನೆಯಾಯಿತು. ಎರಡೇ ವರ್ಷದೊಳಗೆ, 2025ರಲ್ಲಿ, ಇಲ್ಲಿಯೂ 200ರ ಹತ್ತಿರ ಜನರನ್ನು ಕಡ್ಡಾಯವಾಗಿ ಬಿಡಿಸುವ ಸುದ್ದಿ ಬಂತು. ನೌಕರಿ ಹೋದಾಗ ನೌಕರನ ಬ್ಯಾಡ್ಜ್ ಜೊತೆಗೆ ಆತನ ‘ಸೇವಾ ಗಂಟೆ’ಗಳ ಲೆಕ್ಕವೂ ಕಂಪ್ಯೂಟರಿನಲ್ಲಿ ಮುಚ್ಚಿಹೋಗುತ್ತದೆ. ಆತ ಯಾವ ಶಾಲೆಗೆ ಹೋಗುತ್ತಿದ್ದನೋ ಆ ಶಾಲೆಗೆ ಮಾತ್ರ ಮುಂದಿನ ಬುಧವಾರವೂ ಗಣಿತದ ಪಾಠ ಇದ್ದೇ ಇರುತ್ತದೆ.

ಆದ್ದರಿಂದ ಕಂಪನಿಯ ಸೌಲಭ್ಯ ಇದ್ದಾಗ ಖಂಡಿತ ಬಳಸಿಕೊಳ್ಳಿ, ಆದರೆ ಸೇವೆಯ ನಂಟು ನಿಮ್ಮದೇ ಹೆಸರಿನಲ್ಲಿರಲಿ ಎಂಬುದು ನನ್ನ ಅಭಿಪ್ರಾಯ. ಪರ್ಮಿಟ್ ಮೇಲೆ ಇರುವವರಿಗೆ ಇದರಲ್ಲಿ ಇನ್ನೊಂದು ಲೌಕಿಕ ಲಾಭವೂ ಇದೆ. ಕೆಲಸ ಕಳೆದುಕೊಂಡರೆ ಇನ್ನೊಂದು ಕೆಲಸ ಹುಡುಕಲು ಆರು ತಿಂಗಳ ಅವಕಾಶ. ಆ ಆರು ತಿಂಗಳಲ್ಲಿ ಕಂಪನಿಯ ಹೊರಗಿನ ಜನರ ಪರಿಚಯ ಇದ್ದವರಿಗೂ ಇಲ್ಲದವರಿಗೂ ಬಹಳ ವ್ಯತ್ಯಾಸ.

ಹೆಂಡತಿಯರ ವಿಷಯವನ್ನೂ ಹೇಳಲೇಬೇಕು (ಈಗ ಗಂಡಂದಿರ ವಿಷಯ ಎಂದರೂ ಸರಿಯೇ, ನರ್ಸಮ್ಮನವರ ಹಿಂದೆ ಬಂದ ಪತಿರಾಯರು ನಮ್ಮಲ್ಲಿ ಕಡಿಮೆಯಿಲ್ಲ). 2019ರ ಮಾರ್ಚಿಗೆ ಮೊದಲು, ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್ ಇರುವವರ ಸಂಗಾತಿಗೆ ಕೆಲಸ ಮಾಡಲು ಬೇರೆ ಪರ್ಮಿಟ್ ಬೇಕಿತ್ತು. ಎಂಎಸ್ಸಿ, ಬಿಇ ಮಾಡಿದ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ಮನೆಯಲ್ಲಿ ಕೂತರು. ಚಾರಿಟಿ ಅಂಗಡಿಯ ಕೌಂಟರೋ, ಲೈಬ್ರರಿಯ ಕಥೆ ಹೇಳುವ ಗಂಟೆಯೋ ಅಂಥವರಿಗೆ ಹೊರಜಗತ್ತಿನ ಮೊದಲ ಬಾಗಿಲು. ಸೇವೆ ಎಂದರೆ ಕೊಡುವುದು ಎಂದೇ ನಾವು ಭಾವಿಸುತ್ತೇವೆ. ಅವರನ್ನು ಕೇಳಿದರೆ ತಾವು ಪಡೆದದ್ದರ ಲೆಕ್ಕವೇ ದೊಡ್ಡದು.

ಬೆಂಗಳೂರು ಕಲಿಸಿದ್ದು

ವೃತ್ತಿಪರರ ಸಮಯದಾನ ಎಲ್ಲಿ ಫಲಿಸುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ನಮ್ಮ ಕರ್ನಾಟಕಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

1999ರಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆದ ಹೊಸತರಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಹುಟ್ಟಿತು. ನಂದನ್ ನಿಲೇಕಣಿ ಅದರ ನೇತೃತ್ವ ವಹಿಸಿದರು. ಕಂಪನಿಗಳಲ್ಲಿ ಲಕ್ಷಗಟ್ಟಲೆ ಸಂಬಳದ ಜನ ಪಾಲಿಕೆಯ ಲೆಕ್ಕಪುಸ್ತಕ ಬಿಡಿಸಿ ಕೂತರು. ಲಂಡನ್ನಿನ ಸಿಟಿಬ್ಯಾಂಕ್ ಬಿಟ್ಟು ಬಂದ ರಮೇಶ್ ರಾಮನಾಥನ್ ಪಾಲಿಕೆಯ ಲೆಕ್ಕಪತ್ರ ಪದ್ಧತಿಯನ್ನೇ ಬದಲಿಸುವ ಕೆಲಸಕ್ಕೆ ಕೈಹಾಕಿದರು. ಆಸ್ತಿ ತೆರಿಗೆಯನ್ನು ಮಾಲೀಕರೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂದದ್ದೂ ಆ ದಿನಗಳಲ್ಲೇ. ಕೆಲಸವೇನೋ ಆಯಿತು. ಆದರೆ ‘ಇವರನ್ನು ಆರಿಸಿದವರು ಯಾರು?’ ಎಂದು ಕೇಳಿದವರೂ ಇದ್ದರು, ಆ ಪ್ರಶ್ನೆ ತಪ್ಪಲ್ಲ. ಕೊಳೆಗೇರಿಯ ಜನಕ್ಕೆ ಆ ಮೇಜಿನ ಸುತ್ತ ಕುರ್ಚಿ ಇರಲಿಲ್ಲ. 2004ರಲ್ಲಿ ಸರ್ಕಾರ ಬದಲಾಯಿತು, ಟಾಸ್ಕ್ ಫೋರ್ಸ್ ಮೂಲೆ ಸೇರಿತು.

ಉಳಿದದ್ದು ಬೇರೊಂದು. 2003ರಲ್ಲಿ ನಿಲೇಕಣಿ ಮತ್ತು ಅಮೆರಿಕದಿಂದ ಮರಳಿದ ಶ್ರೀಕಾಂತ್ ನಾದಮುನಿ ಇ-ಗವರ್ನಮೆಂಟ್ಸ್ ಫೌಂಡೇಷನ್ ಶುರು ಮಾಡಿದರು. ನಗರಸಭೆಗಳ ಜನನ-ಮರಣ ದಾಖಲೆ, ತೆರಿಗೆ, ದೂರು ಇವುಗಳ ಸಾಫ್ಟ್‌ವೇರ್ ಅವರ ಕೆಲಸ. ಯಾವ ಮುಖ್ಯಮಂತ್ರಿ ಬಂದರೂ ಹೋದರೂ ಜನನ ಪ್ರಮಾಣಪತ್ರ ಬೇಕೇ ಬೇಕಲ್ಲ! ಆ ಕೆಲಸ ಬೆಳೆದು ಹಲವು ರಾಜ್ಯಗಳಿಗೆ ಹರಡಿತು. ಅಧಿಕಾರದ ಪಕ್ಕದಲ್ಲಿ ಕುಳಿತು ಕೊಟ್ಟ ಸಲಹೆ ಅಧಿಕಾರದ ಜೊತೆಗೇ ಹೋಯಿತು. ಗುಮಾಸ್ತರ ಮೇಜಿನ ಮೇಲೆ ಕೂತ ಸಾಧನ ಉಳಿಯಿತು.

ಇನ್ನೊಂದು ಮಾದರಿ ಹೆಗ್ಗಡದೇವನಕೋಟೆಯದು. 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಅದಕ್ಕೂ ಮೊದಲೇ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಸೋಲಿಗರ ನಡುವೆ ನೆಲೆಸಿದ್ದರು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಇವರು ಬಿಡುವಿನ ವೇಳೆ ಕೊಟ್ಟವರಲ್ಲ, ಬದುಕನ್ನೇ ಕೊಟ್ಟವರು. ನಾವು ಅವರಾಗಲು ಸಾಧ್ಯವಿಲ್ಲ ಎಂಬುದನ್ನು ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತು ಸುಲಭ. ಅಲ್ಲೇ ನೆಲೆಸಿದವರಿಗೆ ನಾವು ನೆರವಾಗಬಹುದು, ಅವರ ಬದಲಿಗೆ ನಿಲ್ಲಲಾರೆವು. ಅವರ ಆಸ್ಪತ್ರೆಗೆ ವರ್ಷಕ್ಕೊಮ್ಮೆ ಹೋಗಿ ಎರಡು ದಿನ ಇದ್ದು ಬರುವುದಕ್ಕಿಂತ, ಅವರಿಗೆ ಬೇಕಾದ ಅನುವಾದ, ಲೆಕ್ಕ, ಉಪಕರಣದ ಆಯ್ಕೆ ಇಂಥದ್ದನ್ನು ಇಲ್ಲಿಂದಲೇ ಮಾಡಿಕೊಡುವುದು ಮೇಲು.

ಐರ್ಲೆಂಡಿನ ಅನುಭವವೂ ಇದನ್ನೇ ಹೇಳುತ್ತದೆ. ಬಿಯಾಫ್ರಾದ ಹಸಿವಿನ ಸುದ್ದಿ ಕೇಳಿ 1968ರಲ್ಲಿ ಕನ್ಸರ್ನ್ ಸಂಸ್ಥೆ ಹುಟ್ಟಿತು, 1973ರಲ್ಲಿ ಟ್ರೋಕರೆ ಬಂತು, 1974ರಲ್ಲಿ ಸರ್ಕಾರದ ನೆರವು ಯೋಜನೆ ಆರಂಭವಾಯಿತು. ಈ ಪುಟ್ಟ ದೇಶ ದೂರದ ಹಸಿವಿಗೆ ಇಷ್ಟು ಬೇಗ ಕರಗುವುದಕ್ಕೆ 1840ರ ದಶಕದ ತನ್ನದೇ ಕ್ಷಾಮದ ನೆನಪು ಕಾರಣ ಎನ್ನುತ್ತಾರೆ. (ಆ ಕ್ಷಾಮಕ್ಕೆ ಕೊಲ್ಕತ್ತದಿಂದ ಸುಮಾರು 14 ಸಾವಿರ ಪೌಂಡ್ ಸಂಗ್ರಹವಾಗಿ ಬಂದಿತ್ತೆಂಬುದನ್ನು ನಿಮ್ಮ ಐರಿಷ್ ಸಹೋದ್ಯೋಗಿಗಳಿಗೆ ಒಮ್ಮೆ ಹೇಳಿ ನೋಡಿ, ಅನೇಕರಿಗೆ ಗೊತ್ತಿರುವುದಿಲ್ಲ.) ಹೊರದೇಶಗಳಲ್ಲಿ ದುಡಿದು ಮರಳಿದವರು 1975ರಲ್ಲಿ ಕಟ್ಟಿಕೊಂಡ ಸಂಘ ‘ಕೋಲಾವ್’. ಸ್ವಯಂಸೇವಕರನ್ನು ಕಳಿಸುವ ಸಂಸ್ಥೆಗಳಿಗೆ ನೀತಿಸಂಹಿತೆ ಮಾಡಿಕೊಟ್ಟವರು ಇವರೇ. ಅನಾಥಾಲಯಗಳಿಗೆ ಎರಡು ವಾರ ಹೋಗಿ ಮಕ್ಕಳನ್ನು ಎತ್ತಿ ಆಡಿಸಿ ಬರುವ ‘ಪ್ರವಾಸ-ಸೇವೆ’ಯನ್ನು ಅವರು ಗಟ್ಟಿಯಾಗಿ ವಿರೋಧಿಸುತ್ತಾ ಬಂದಿದ್ದಾರೆ. ಮಕ್ಕಳು ಅಂಟಿಕೊಳ್ಳುವಷ್ಟರಲ್ಲಿ ಬಂದವರು ಹೊರಟುಬಿಡುತ್ತಾರೆ, ಮುಂದಿನ ತಂಡ ಬರುತ್ತದೆ. ನಮ್ಮ ಹದಿಹರೆಯದ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಆಶ್ರಮವೊಂದಕ್ಕೆ ‘ಅನುಭವಕ್ಕಾಗಿ’ ಕಳಿಸುವ ತಂದೆತಾಯಿಯರು ಇದನ್ನು ಸ್ವಲ್ಪ ಯೋಚಿಸಬೇಕು.

ಸಲಹೆ ಕೊಡುವ ಚಪಲದ ಬಗ್ಗೆಯೂ ಒಂದು ಮಾತು. ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ 1988ರಲ್ಲಿ ಶುರುವಾದದ್ದು ರೈತರ ಕೈಗೆ ಲೇಖನಿ ಎಂಬ ಆಸೆಯಿಂದ. ಕಾಸರಗೋಡಿನ ಗಡಿಯ ಶ್ರೀಪಡ್ರೆಯವರು ನೀರಿಂಗಿಸಿದ ರೈತರ ಅನುಭವಗಳನ್ನು ವರ್ಷಗಟ್ಟಲೆ ಬರೆದರು. ಅದನ್ನು ಓದಿದವರಿಗೆ ತಿಳಿಯುತ್ತದೆ: ಊರಿನಲ್ಲಿ ತಜ್ಞರು ಮೊದಲೇ ಇದ್ದಾರೆ. ಅವರಿಗೆ ಬೇಕಿರುವುದು ಒಂದು ಬಿಡಿಭಾಗದ ಮಾಹಿತಿಯೋ, ಒಂದು ಅರ್ಜಿಯ ಇಂಗ್ಲಿಷೋ ಇರಬಹುದು. ಮೊದಲು ಕೇಳಿ ತಿಳಿದುಕೊಳ್ಳೋಣ.

ಹಣವೋ, ಸಮಯವೋ?

‘ಇಷ್ಟೆಲ್ಲಾ ಯಾಕೆ, ನೂರು ಯೂರೋ ಕಳಿಸಿದರೆ ಆಯಿತಪ್ಪ’ ಎನ್ನುವವರಿದ್ದಾರೆ. ಕಳಿಸಿ, ತಪ್ಪಲ್ಲ. ಆದರೆ ಒಂದು ನಿಯಮ ತಿಳಿದಿರಲಿ, ಏಕೆಂದರೆ ನಮ್ಮವರು ಹಲವರು ಇಲ್ಲಿ ಎಡವುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಊರಿನ ಟ್ರಸ್ಟಿಗೆ ಕೊಡುವ ಹಣ ‘ವಿದೇಶಿ ಕೊಡುಗೆ’ ಅಲ್ಲ. ಅದೇ ವ್ಯಕ್ತಿ ಐರಿಷ್ ಪೌರತ್ವದ ಪ್ರಮಾಣವಚನ ಸ್ವೀಕರಿಸಿದ ಮೇಲೆ ಕೊಟ್ಟರೆ ಅದು ವಿದೇಶಿ ಕೊಡುಗೆ, ಕೈಯಲ್ಲಿ ಓಸಿಐ ಕಾರ್ಡ್ ಇದ್ದರೂ! ಆಗ ಆ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಇರಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅಲ್ಲಿಂದ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಊರಿನ ಶಾಲಾಭಿವೃದ್ಧಿ ಸಮಿತಿಯ ಸಣ್ಣ ಟ್ರಸ್ಟುಗಳಿಗೆ ಇದೆಲ್ಲ ಎಲ್ಲಿ ಸಾಧ್ಯ? ಹಳೆಯ ಲ್ಯಾಪ್‌ಟಾಪುಗಳನ್ನು ಸೂಟ್‌ಕೇಸಿನಲ್ಲಿ ತುಂಬಿ ಒಯ್ದು ಸಂಸ್ಥೆಗೆ ಕೊಟ್ಟರೂ ವಸ್ತುರೂಪದ ಕೊಡುಗೆಯೇ. ದಾನಿಯ ಪಾಸ್‌ಪೋರ್ಟಿನ ಬಣ್ಣ ಬದಲಾಗಿದೆಯೆಂದು ಗೊತ್ತಿಲ್ಲದೆ ಹಣ ಪಡೆದ ಸಂಸ್ಥೆ ತೊಂದರೆಗೆ ಸಿಕ್ಕಿಕೊಳ್ಳಬಹುದು. ಕೊಡುವ ಮೊದಲು ನಾವೇ ಹೇಳುವುದು ಧರ್ಮ.

ಮನೆಯಲ್ಲಿ ಕೂತು ಪಾಠ ಹೇಳಿಕೊಡುವುದಕ್ಕೆ ಈ ಖಾತೆಯ ಗೊಡವೆ ಇಲ್ಲ. ಬೆಂಗಳೂರಿನ ಇ-ವಿದ್ಯಾಲೋಕ ಎಂಬ ಸಂಸ್ಥೆ 2011ರಿಂದ ಇದನ್ನೇ ಮಾಡುತ್ತಿದೆ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಒಂದು ಪರದೆ, ಒಂದು ಇಂಟರ್ನೆಟ್ ಸಂಪರ್ಕ; ಇನ್ನೊಂದು ತುದಿಯಲ್ಲಿ ಎಲ್ಲಿಯೋ ನೌಕರಿಯಲ್ಲಿರುವ ಸ್ವಯಂಸೇವಕ. ಮಕ್ಕಳ ಭಾಷೆಯಲ್ಲೇ ಗಣಿತ, ವಿಜ್ಞಾನದ ಪಾಠ. ವಾರಕ್ಕೆ ಎರಡು ಗಂಟೆಯಷ್ಟು ಸಮಯ ಸಾಕಾಗುವ ಕೆಲಸ ಇದು, ಆದರೆ ವರ್ಷವಿಡೀ ತಪ್ಪದೆ ಇರಬೇಕು. ಕನ್ನಡದಲ್ಲಿ ವಿಜ್ಞಾನ ಹೇಳಲು ಬರುವವರು ನಮ್ಮ ನಡುವೆ ಎಷ್ಟು ಜನ? ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಇಂಗ್ಲಿಷ್ ಕಂಡು ಬೆವರಿ, ಕೊನೆಗೆ ಫ್ಯಾಬಿನೊಳಗೆ ಬಂದು ನಿಂತವರು ಇದ್ದಾರೆ. ಆಮ್ಲಜನಕ, ದ್ಯುತಿಸಂಶ್ಲೇಷಣೆ, ಲಸಾಅ, ಮಸಾಅ ಎಲ್ಲ ಅವರ ನಾಲಿಗೆಯ ಮೇಲೆ ಇನ್ನೂ ಇದೆ. ಅಮೆರಿಕದ ಪ್ರೊಫೆಸರಿಗೆ ಇಲ್ಲದ ಅರ್ಹತೆ ಅದು.

ಅಷ್ಟು ನಿಯಮಿತವಾಗಿ ಆಗದವರಿಗೆ ಇನ್ನೊಂದು ದಾರಿ. ಪ್ರಥಮ್ ಬುಕ್ಸ್ ಬೆಂಗಳೂರಿನಿಂದ 2015ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಯಾರು ಬೇಕಾದರೂ ಮಕ್ಕಳ ಕಥೆಗಳನ್ನು ತಮ್ಮ ಭಾಷೆಗೆ ತರಬಹುದು, ಉಚಿತವಾಗಿ ಓದಬಹುದು, ಮುದ್ರಿಸಬಹುದು. ಒಂದು ಸಣ್ಣ ಕಥೆ ಎಂದರೆ ಒಂದು ಸಂಜೆಯ ಕೆಲಸ. ಇದರಲ್ಲಿ ನಮ್ಮ ಇಲ್ಲಿನ ಮಕ್ಕಳನ್ನೂ ಕೂರಿಸಿಕೊಳ್ಳಬಹುದು. ಅವರಿಗೆ ಕನ್ನಡ ಓದಿಸಲು ಪಡುವ ಪಾಡು ಎಲ್ಲ ಮನೆಗಳಲ್ಲೂ ಇದ್ದದ್ದೇ. ‘ರಾಯಚೂರಿನ ಮಗುವಿಗಾಗಿ ಈ ಪದ ಸರಿಯಾ ನೋಡು ಪುಟ್ಟಾ’ ಎಂದರೆ ಅ-ಆ-ಇ-ಈ ತಿದ್ದಿಸುವುದಕ್ಕಿಂತ ಬೇಗ ಕಿವಿ ನಿಮಿರುತ್ತದೆ. ಅನುವಾದದ ಸೇವೆಗೆ ಐರ್ಲೆಂಡಿನದೇ ಪರಂಪರೆ ಇದೆ. ಲಿಮರಿಕ್ ವಿಶ್ವವಿದ್ಯಾಲಯದ ಆಸುಪಾಸಿನಲ್ಲಿ ಹುಟ್ಟಿದ ರೊಸೆಟ್ಟಾ ಫೌಂಡೇಷನ್ 2017ರಲ್ಲಿ ‘ಗಡಿಯಿಲ್ಲದ ಅನುವಾದಕರು’ ಸಂಸ್ಥೆಯೊಂದಿಗೆ ಕೂಡಿಕೊಂಡಿತು. ಭೂಕಂಪ, ರೋಗ, ವಲಸೆಯ ಹೊತ್ತಿನಲ್ಲಿ ಜನರ ಭಾಷೆಯಲ್ಲಿ ಮಾಹಿತಿ ಮುಟ್ಟಿಸುವುದು ಅವರ ಕೆಲಸ.

ಭಾಷೆಯ ಮಾತು ಬಂದಾಗ ಒಂದು ಹಳೆಯ ಪ್ರಸಂಗ ಬಿಡಲಾರೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಪುಟ್ಟಪ್ಪ ಎಂಬ ಯುವಕ ತಾನು ಬರೆದ ಇಂಗ್ಲಿಷ್ ಕವನಗಳನ್ನು ತೋರಿಸಿದ. ನಿನ್ನ ಭಾಷೆಯಲ್ಲಿ ಬರೆ ಎಂದು ಅವರು ಹೇಳಿದರು. ಕಸಿನ್ಸ್ ಅವರಿಗೆ ಕನ್ನಡ ಗೊತ್ತಿರಲಿಲ್ಲ, ಕನ್ನಡದಲ್ಲಿ ಏನು ಸಾಧ್ಯ ಎಂದು ತಾವೇ ತೋರಿಸಲೂ ಹೋಗಲಿಲ್ಲ. ಆ ಭೇಟಿಯ ಫಲ ಕುವೆಂಪು ಎಂದು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಹೊರಗಿನಿಂದ ಬಂದ ತಜ್ಞರೊಬ್ಬರು ಕರ್ನಾಟಕಕ್ಕೆ ಕೊಟ್ಟ ಇಷ್ಟು ಅಗ್ಗದ, ಇಷ್ಟು ಫಲವತ್ತಾದ ‘ಕನ್ಸಲ್ಟೆನ್ಸಿ’ ಇನ್ನೊಂದಿರಲಾರದು!

ಇಲ್ಲಿನ ಬೀದಿ

ಊರಿಗೆ ಮಾತ್ರ ಸೇವೆ ಸಾಕೇ? ಇಲ್ಲೊಂದು ಸೂಕ್ಷ್ಮ ವಿಷಯವಿದೆ. 2025ರ ಜುಲೈನಲ್ಲಿ ಟಾಲಾದಲ್ಲಿ ಭಾರತೀಯನೊಬ್ಬನ ಮೇಲೆ ನಡೆದ ಹಲ್ಲೆ, ಅದರ ಬೆನ್ನಿಗೇ ಬಂದ ಇತರ ಘಟನೆಗಳು ನಮ್ಮೆಲ್ಲರ ನಿದ್ದೆ ಕೆಡಿಸಿದವು. ಆಗಸ್ಟಿನಲ್ಲಿ ಫಾರ್ಮ್‌ಲೀಯಲ್ಲಿ ನಡೆಯಬೇಕಿದ್ದ ಇಂಡಿಯಾ ಡೇ ಮುಂದಕ್ಕೆ ಹೋಯಿತು. ಆಗ ಕೇಳಿಬಂದ ಸಲಹೆಗಳಲ್ಲಿ ಒಂದು, ‘ನಾವು ಸ್ಥಳೀಯವಾಗಿ ಹೆಚ್ಚು ಸೇವೆ ಮಾಡಬೇಕು, ಆಗ ನಮ್ಮನ್ನು ಒಪ್ಪಿಕೊಳ್ಳುತ್ತಾರೆ’ ಎಂಬುದು. ಇದನ್ನು ನಾನು ಪೂರ್ತಿ ಒಪ್ಪಲಾರೆ. ಬೀದಿಯಲ್ಲಿ ನಿರ್ಭಯವಾಗಿ ನಡೆಯುವ ಹಕ್ಕನ್ನು ಕಸ ಹೆಕ್ಕಿ ಸಂಪಾದಿಸಬೇಕಿಲ್ಲ. ತೆರಿಗೆ ಕಟ್ಟುವ, ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ನಮ್ಮ ಜನ ಯಾರಿಗೂ ನಡತೆಯ ಪ್ರಮಾಣಪತ್ರ ತೋರಿಸಬೇಕಾದ್ದೂ ಇಲ್ಲ.

ಆದರೂ ಇಲ್ಲಿನ ಬೀದಿಯ ಕೆಲಸ ಮಾಡಬೇಕು, ಬೇರೆ ಕಾರಣಕ್ಕೆ. ಇದು ನಮ್ಮ ಮಕ್ಕಳ ಊರು. ಐರ್ಲೆಂಡಿನಲ್ಲಿ 1958ರಿಂದ ಟೈಡಿ ಟೌನ್ಸ್ ನಡೆಯುತ್ತಿದೆ; ಲೀಕ್ಸ್‌ಲಿಪ್‌ನಲ್ಲೂ ಅದರ ತಂಡವಿದೆ. 2011ರಲ್ಲಿ ಕಾರ್ಕ್‌ನಲ್ಲಿ ಶುರುವಾದ ಕೋಡರ್‌ಡೋಜೋದಲ್ಲಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವವರೆಲ್ಲ ಸ್ವಯಂಸೇವಕರೇ. ಅದು ಜಗತ್ತಿನ ಹತ್ತಾರು ದೇಶಗಳಿಗೆ ಹಬ್ಬಿತು. ಡಬ್ಲಿನ್ನಿನಲ್ಲಿ 2005ರಲ್ಲಿ ಹುಟ್ಟಿದ ಕಮಾರಾ, ಕಚೇರಿಗಳು ಬಿಸಾಡುವ ಕಂಪ್ಯೂಟರುಗಳನ್ನು ಸರಿಮಾಡಿ ಇಥಿಯೋಪಿಯಾ, ಕೀನ್ಯಾ, ಟಾಂಜಾನಿಯಾದಂಥ ಕಡೆಯ ಶಾಲೆಗಳಿಗೆ ಮುಟ್ಟಿಸುವ ಕೆಲಸ ಕೈಗೊಂಡಿತು. ಬಿಡಿಭಾಗ ಬಿಚ್ಚಿ ಜೋಡಿಸುವ ಕೈಗಳಿಗೆ ಇದಕ್ಕಿಂತ ಹಿತವಾದ ಕೆಲಸ ಯಾವುದಿದೆ? ಎಲ್ಲಿ ಯಾರಿಗೆ ಜನ ಬೇಕಾಗಿದ್ದಾರೆ ಎಂದು ಕಿಲ್ಡೇರ್ ವಾಲಂಟಿಯರ್ ಸೆಂಟರಿನಲ್ಲಿ ಕೇಳಬಹುದು. ಮಕ್ಕಳ ಜೊತೆಗಿನ ಕೆಲಸವಾದರೆ ಗಾರ್ಡಾ ವೆಟಿಂಗ್ ಆಗಲೇಬೇಕು, 2016ರ ಏಪ್ರಿಲ್‌ನಿಂದ ಇದು ಕಾನೂನು. ಹಿಂದೆ ಇದ್ದ ಎಲ್ಲ ವಿಳಾಸಗಳನ್ನೂ ಕೇಳುತ್ತಾರೆ, ಊರಿನ ಬಾಡಿಗೆಮನೆಗಳ ಪಟ್ಟಿ ತೆಗೆದಿಟ್ಟುಕೊಳ್ಳಿ. ಇದನ್ನು ಅವಮಾನವೆಂದು ಭಾವಿಸಬೇಡಿ, ಫಾದರ್‌ನಿಂದ ಫುಟ್‌ಬಾಲ್ ಕೋಚ್‌ವರೆಗೆ ಎಲ್ಲರಿಗೂ ಇದೇ ನಿಯಮ.

ಊರಿನ ಶಾಲೆಗೆ ಪಾಠ ಹೇಳಲು ಹೊರಡುವವರಿಗೆ ಕೊನೆಯದಾಗಿ ಗಡಿಯಾರದ ವಿಷಯ. ಬೇಸಿಗೆಯಲ್ಲಿ ಭಾರತ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಸಿಂಧನೂರಿನ ಶಾಲೆಯ ಮಧ್ಯಾಹ್ನ ಎರಡೂವರೆಯ ಪಾಠ ನಮಗೆ ಬೇಸಿಗೆಯಲ್ಲಿ ಬೆಳಗ್ಗೆ ಹತ್ತು, ಚಳಿಗಾಲದಲ್ಲಿ ಒಂಬತ್ತು. ರಾತ್ರಿಪಾಳಿ ಮುಗಿಸಿ ಬಂದವರಿಗೆ, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ತಾಯಂದಿರಿಗೆ ಇದು ಹೊಂದುವ ಹೊತ್ತು. ಕಚೇರಿಯ ಹೊತ್ತಿನವರು ಕಥೆ ಅನುವಾದಿಸಲಿ. ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆಂದು ಅಲ್ಲಿನ ಮಕ್ಕಳಿಗೆ ಗೊತ್ತಿರುವುದಿಲ್ಲ. ಸೋಮವಾರ ಅವರು ಎಂದಿನಂತೆ ಎರಡೂವರೆಗೇ ಪರದೆಯ ಮುಂದೆ ಕೂತಿರುತ್ತಾರೆ. ಹತ್ತಕ್ಕೆ ಬಂದರೆ ತರಗತಿ ಮುಗಿದಿರುತ್ತದೆ, ಒಂಬತ್ತಕ್ಕೇ ಬನ್ನಿ.